ಆಣೆ ವಾಪಸು ತೆಗೆದುಕೊಳ್ಳಿ, ಶಾಲು ಬೇಡ

ಹೃದಯ ಜಾಗೃತಿ ಅಭಿಯಾನದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ವಾರ ಗಜೇಂದ್ರಗಡದ ಕಲ್ಯಾಣ ಮಂಟಪದಲ್ಲಿ ತಾವು ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ರೋಗಿಗಳ ಪೈಕಿ ನಾನೇ ‘ಒತ್ತಡಮುಕ್ತ ಹೃದಯ’ ಎಂದು ಸನ್ಮಾನಿಸುವವರಿದ್ದೀರಿ ಎಂದು ತಿಳಿಯಿತು. ಆ ಸನ್ಮಾನ ನನಗೆ ಬೇಡ. ನನ್ನ ಒತ್ತಡವನ್ನು ತಾವು ಇಳಿಸಲಿಲ್ಲ. ನನ್ನ ತಲೆಯ ಮೇಲಿಂದ ತೆಗೆದು ನನ್ನ ಹೆಂಡತಿಯ ತಲೆಯ ಮೇಲೆ ಹೊರಿಸಿದಿರಿ, ಹೊರಿಸಿದ ಮೇಲೆ ಅದು ಕೆಳಗೆ ಬೀಳದಂತೆ ಆಣೆ ಹಾಕಿಸಿದಿರಿ. ಈಗ ಆಕೆಯ ಎದೆಯಲ್ಲಿ ಏನೋ ಆಗುತ್ತಿದೆ. ಆಕೆ ಹೇಳುತ್ತಿಲ್ಲ. ನಾನು ಕೇಳಿದರೆ ನನಗೇ ಬಿಪಿ ಗುಳಿಗೆ ತಂದುಕೊಡುತ್ತಾಳೆ. ಈ ಪತ್ರವನ್ನು ತಮ್ಮ ಕಚೇರಿಗೆ ಕಳುಹಿಸದೆ ಪತ್ರಿಕೆಗೆ ಕಳುಹಿಸುತ್ತಿದ್ದೇನೆ. ಕಚೇರಿಗೆ ಹೋದ ಪತ್ರಗಳ ಗತಿ ತಮಗೂ ಗೊತ್ತು, ನನಗೂ ಗೊತ್ತು. ಪತ್ರಿಕೆಗೆ ಕಳುಹಿಸಲು ಇನ್ನೊಂದು ಕಾರಣವೂ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಗಜೇಂದ್ರಗಡ ಪೇಟೆಯ ಬಟ್ಟೆ ವ್ಯಾಪಾರಿ. ಅಜ್ಜನ ಕಾಲದ ಅಂಗಡಿ, ಅಜ್ಜನ ಕಾಲದ ಗಾದಿ. ಬೆಳಿಗ್ಗೆ ಆ ಗಾದಿಯ ಮೇಲೆ ಕೂತರೆ ಊಟಕ್ಕೆ ಏಳುವುದು, ಊಟ ಮುಗಿಸಿ ಬಂದು ಮತ್ತೆ ಕೂರುವುದು. ಸೀರೆ ಬಿಚ್ಚಿ ತೋರಿಸಲು ಆಳು, ಮಡಚಿಡಲು ಆಳು, ಮಾತಾಡಲು ನಾನು. ಗಿರಾಕಿಗೆ ಚಹಾ ತರಿಸಿದರೆ ಜೊತೆಗೆ ನನಗೂ ಒಂದು ಕಪ್ಪು. ಸಂಜೆ ಎದುರಿನ ಅಂಗಡಿಯಲ್ಲಿ ಮಿರ್ಚಿ ಕರಿದರೆ ನನಗೂ ಒಂದು ಪ್ಲೇಟು. ಬಾಯಿ ಖಾಲಿ ಇದ್ದಾಗ ಎಲೆ, ಸುಣ್ಣ, ತಂಬಾಕು. ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅದೇ ಗಾದಿಯ ಮೇಲೆ ಎದೆ ಹಿಡಿದುಕೊಂಡು ಮಗ್ಗುಲಾದೆ. ದೊಡ್ಡ ಊರಿಗೆ ಒಯ್ದರು, ರಕ್ತನಾಳದಲ್ಲಿ ಸ್ಟೆಂಟ್ ಹಾಕಿದರು, ಬದುಕಿದೆ. ಡಾಕ್ಟರರು ಕಾರಣಗಳನ್ನು ಹೇಳಿದಾಗ ನಾನು ಒಂದಕ್ಕೂ ಇಲ್ಲ ಎನ್ನಲಿಲ್ಲ. ತಂಬಾಕು ರಕ್ತನಾಳವನ್ನು ಕೆಡಿಸುತ್ತದೆ, ಉಪ್ಪು ಬಿಪಿ ಏರಿಸುತ್ತದೆ, ಕೂತಲ್ಲೇ ಕೂರುವವನ ಮೈಗೆ ಬೊಜ್ಜು, ಸಕ್ಕರೆ ಎರಡೂ ಅಂಟಿಕೊಳ್ಳುತ್ತವೆ. ದಿನವೂ ಚಿಂತೆ ಮಾಡುವವನಿಗೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟವನ ಬಿಪಿ ಇನ್ನೂ ಏರುತ್ತದೆ, ಚಿಂತೆ ಮರೆಯಲು ಕೈ ಮತ್ತೆ ತಂಬಾಕಿನ ಚೀಲಕ್ಕೇ ಹೋಗುತ್ತದೆ. ಎಲ್ಲ ಖರೇ. ಈಗ ತಂಬಾಕು ಬಿಟ್ಟಿದ್ದೇನೆ, ಬೆಳಿಗ್ಗೆ ಎಪಿಎಂಸಿ ಅಂಗಳದಲ್ಲಿ ನಡೆಯುತ್ತೇನೆ, ಉಪ್ಪಿನಕಾಯಿ ಭರಣಿಯನ್ನು ದೂರದಿಂದ ನೋಡುತ್ತೇನೆ. ಅಷ್ಟರ ಮಟ್ಟಿಗೆ ತಮ್ಮ ಮೇಲೆ ನನ್ನ ದೂರಿಲ್ಲ.

ದೂರು ಶುರುವಾಗುವುದು ನಾನು ಆಸ್ಪತ್ರೆಯಿಂದ ಬಂದ ಕೆಲವೇ ವಾರಕ್ಕೆ ನಡೆದ ತಮ್ಮ ಜಾಗೃತಿ ಸಭೆಯಿಂದ. ನೆನಪಿದೆಯೇ? ರೋಗಿಗಳನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ ಕೈಗೊಂದು ಗುಲಾಬಿ ಕೊಟ್ಟಿರಿ. ನಮ್ಮ ಹೆಂಡಂದಿರನ್ನು ಹಿಂದೆ ಕೂರಿಸಿದಿರಿ. ಹೊಳೆಮಣ್ಣೂರ, ಅಸೂಟಿ, ಮುಶಿಗೇರಿ ಕಡೆಯಿಂದಲೂ ಟೆಂಪೋದಲ್ಲಿ ಮಂದಿ ಬಂದಿದ್ದರು. ಪರದೆಯ ಮೇಲೆ ಬಿಳಿ ಬೂಟು ಹಾಕಿಕೊಂಡವನೊಬ್ಬ ಹುಲ್ಲುಹಾಸಿನ ಮೇಲೆ ನಗುತ್ತ ಓಡುತ್ತಿದ್ದ. ನಮ್ಮ ಓಣಿಯಲ್ಲಿ ಹಾಗೆ ಓಡಿದರೆ ನಾಯಿಗಳು ಬಿಡುವುದಿಲ್ಲ, ನಗುವುದಂತೂ ದೂರದ ಮಾತು. ಆಮೇಲೆ ತಾವು ಮೈಕು ಹಿಡಿದು ಹೃದಯದ ಶತ್ರು ಒಬ್ಬನೇ, ಅವನ ಹೆಸರು ಒತ್ತಡ ಎಂದಿರಿ. ತಂಬಾಕು, ಉಪ್ಪು, ಸಕ್ಕರೆ ಎಲ್ಲ ಆ ಕ್ಷಣಕ್ಕೆ ಶತ್ರುಪಾಳೆಯದಿಂದ ಬಿಡುಗಡೆಯಾದವು. ಹಿಂದೆ ಕೂತ ಹೆಂಗಸರನ್ನೆಲ್ಲ ಎದ್ದು ನಿಲ್ಲಿಸಿ ಬಲಗೈ ಮುಂದೆ ಚಾಚಿಸಿ ಪ್ರಮಾಣ ಮಾಡಿಸಿದಿರಿ. “ನನ್ನ ಯಜಮಾನರಿಗೆ ಚಿಂತೆಯ ಯಾವ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. ಮನೆಯ ಚಿಂತೆಯನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ.” ಫೋಟೋ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದಿರಿ. ಆಗ ಹೊಳೆಮಣ್ಣೂರಿನ ಮಾನವ್ವ ಎಂಬಾಕೆ ಚಾಚಿದ ಕೈ ಇಳಿಸದೆ ಒಂದು ಪ್ರಶ್ನೆ ಕೇಳಿದಳು.

“ಸಾಹೇಬ್ರ, ಹೊಳಿ ಮನಿಯೊಳಗ ಬಂದ್ರ ಅವರಿಗೆ ಹೇಳಬೇಕೋ ಬ್ಯಾಡೋ?”

ಸಭೆ ನಕ್ಕಿತು, ತಾವೂ ನಕ್ಕಿರಿ, ಉತ್ತರ ಕೊಡಲಿಲ್ಲ. ಆಕೆ ತಮಾಷೆಗೆ ಕೇಳಿರಲಿಲ್ಲ. ಮಲಪ್ರಭೆ ಅವರ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಆಕೆ ಕಣ್ಣಾರೆ ಕಂಡವಳು. ಗಂಡನನ್ನು ಎಬ್ಬಿಸದೆ ಪಾತ್ರೆಪಗಡ, ದನಕರು ಎಲ್ಲವನ್ನೂ ತಾನೊಬ್ಬಳೇ ಸಾಗಿಸಬೇಕೋ ಎಂದು ತಿಳಿಯಬೇಕಿತ್ತು ಆಕೆಗೆ.

ತಮಗೆ ಅದು ಒಂದು ಫೋಟೋ. ನನ್ನ ಹೆಂಡತಿ ಕಳಕವ್ವನಿಗೆ ಅದು ಆಣೆ. ನಮ್ಮೂರ ಗುಡ್ಡದ ಮೇಲಿರುವ ಕಾಲಕಾಲೇಶ್ವರನನ್ನು ನಾವು ಕಳಕಪ್ಪ ಎನ್ನುತ್ತೇವೆ, ಆಕೆಯ ಹೆಸರೇ ಆ ದೇವರದು. ತಮ್ಮ ಪ್ರಮಾಣ ಮುಗಿದ ಮೇಲೆ ಆಕೆ ಮೆಲ್ಲಗೆ “ಕಳಕಪ್ಪನಾಣಿ” ಎಂದು ಸೇರಿಸಿ ಚಾಚಿದ ಕೈಯನ್ನು ಕಣ್ಣಿಗೊತ್ತಿಕೊಂಡದ್ದನ್ನು ನಾನು ಹಿಂತಿರುಗಿ ನೋಡಿದೆ. ಅಕ್ಕಪಕ್ಕದ ಹೆಂಗಸರೂ ತಮ್ಮ ತಮ್ಮ ದೇವರ ಹೆಸರು ಸೇರಿಸಿಕೊಂಡರು. ತಾವು ಅಷ್ಟರಲ್ಲಿ ಉಪ್ಪಿಟ್ಟಿನ ಕಡೆ ಹೊರಟಿದ್ದಿರಿ. ನಮ್ಮ ಕಡೆಯ ಹೆಣ್ಣುಮಕ್ಕಳು ಬಾಯಿಬಿಟ್ಟು ಆಣೆ ಮಾಡಿದರೆ ಅದನ್ನು ಮಾಡಿಸಿದವರು ಬಿಡಿಸುವ ತನಕ ಬಿಡುವುದಿಲ್ಲ ಎಂಬುದನ್ನು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಕೇಳುವ ಅಭ್ಯಾಸವೂ ತಮಗಿದ್ದಂತೆ ಕಾಣಲಿಲ್ಲ.

ನನ್ನದು ಸಂಶಯದ ಸ್ವಭಾವ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಒಂದು ಸಂಶಯವನ್ನು ತಮ್ಮ ಮುಂದೆಯೂ ಇಡುತ್ತೇನೆ. ಇಷ್ಟೊಂದು ಕಾರಣಗಳಿರುವಾಗ ತಾವು ಒತ್ತಡವೊಂದನ್ನೇ ಯಾಕೆ ಅಷ್ಟು ಪ್ರೀತಿಯಿಂದ ಹಿಡಿದುಕೊಂಡಿರಿ? ಇಸಿಜಿ ಯಂತ್ರಕ್ಕೆ ಖರ್ಚಿದೆ, ಅದನ್ನು ನಡೆಸುವವರಿಗೆ ಸಂಬಳವಿದೆ, ಹಳ್ಳಿಯಿಂದ ರೋಗಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಲು ಗಾಡಿ ಬೇಕು. ಒತ್ತಡಕ್ಕೆ ಇದಾವುದೂ ಬೇಡ, ಒಂದು ಬ್ಯಾನರು ಸಾಕು. ‘ಚಿಂತೆ ಬಿಡಿ’ ಎಂದು ಬರೆಸಿದರೆ ಇಲಾಖೆಯ ಕೆಲಸ ಮುಗಿಯಿತು, ಆಮೇಲೆ ಎದೆ ನಿಂತರೆ ಚಿಂತೆ ಬಿಡದವನ ತಪ್ಪು. ‘ಜೀವನಶೈಲಿ’ ಎಂಬ ಮಾತೂ ಹಾಗೆಯೇ. ಅಂಗಡಿಯಿಂದ ಶೈಲಿ ನೋಡಿ ಸೀರೆ ಆರಿಸಿದ ಹಾಗೆ ನಾವು ಬದುಕನ್ನು ಆರಿಸಿಕೊಂಡು ಬಂದಿದ್ದೇವೆಯೇ? ನಾನೇನೋ ಗಾದಿಯಿಂದ ಏಳಬಹುದಿತ್ತು, ಏಳಲಿಲ್ಲ, ಒಪ್ಪಿದೆ. ಮಾನವ್ವ ಹೊಳೆಯ ದಂಡೆಯಿಂದ ಎದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ತಮ್ಮ ಬ್ಯಾನರಿನಲ್ಲಿ ಎಲ್ಲಾದರೂ ಬರೆದಿದೆಯೇ?

ಆಣೆಯ ಮರುದಿನದಿಂದ ನಮ್ಮ ಮನೆ ಬೇರೆಯೇ ಮನೆಯಾಯಿತು. ನಾನು ಪಡಸಾಲೆಗೆ ಬಂದರೆ ಮಾತು ನಿಲ್ಲುತ್ತದೆ. ಫೋನು ಬಂದರೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾರೆ. ಅಂಗಡಿ ನೋಡಿಕೊಳ್ಳುವ ಮಗ ಗುರುಪಾದನನ್ನು ವ್ಯಾಪಾರ ಹ್ಯಾಂಗ ನಡೆದೈತಿ ಎಂದು ಕೇಳಿದರೆ “ಎಲ್ಲಾ ಚಲೋ ಐತ್ರಿ ಅಪ್ಪಾ, ನೀವು ಆರಾಮ ಇರ್ರಿ” ಎನ್ನುತ್ತಾನೆ. ಯಾವ ವ್ಯಾಪಾರಿಯ ಅಂಗಡಿಯಲ್ಲಿ ಎಲ್ಲವೂ ಚಲೋ ಇರುತ್ತದೆ ಸ್ವಾಮಿ? ಎಲ್ಲ ಚಲೋ ಎಂದು ಹೇಳುವ ವ್ಯಾಪಾರಿಯನ್ನು ನಾನು ಜನ್ಮದಲ್ಲಿ ನಂಬಿದವನಲ್ಲ, ಮಗನೆಂದು ಹೇಗೆ ನಂಬಲಿ? ಇನ್ನು ಪತ್ರಿಕೆ. ಬೆಳಿಗ್ಗೆ ಪೇಪರು ಬಂದ ಕೂಡಲೆ ಕಳಕವ್ವ ಅಂಗಡಿಯ ದೊಡ್ಡ ಕತ್ತರಿ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಾಳೆ. ಒಂದು ಸಾಲೂ ಬಿಡದೆ ಓದುತ್ತಾಳೆ. ಅಪಘಾತ, ಸಾವು, ನೆರೆ, ಬೆಂಕಿ, ಹೃದಯಾಘಾತ, ಬಟ್ಟೆಯ ಮೇಲಿನ ತೆರಿಗೆ, ಎಲ್ಲವನ್ನೂ ಅಂಚು ಹಿಡಿದು ಕತ್ತರಿಸಿ ಒಲೆಗೆ ಹಾಕಿ ಉಳಿದದ್ದನ್ನು ನನಗೆ ಕೊಡುತ್ತಾಳೆ. ನನಗೆ ಮುಟ್ಟುವುದು ರಾಶಿಭವಿಷ್ಯ, ಕ್ರಿಕೆಟ್ಟು ಮತ್ತು ತಮ್ಮ ಅಭಿಯಾನದ ಜಾಹೀರಾತು. ಉಳಿದಲ್ಲೆಲ್ಲ ತೂತು. ಪೇಪರು ಎತ್ತಿ ಹಿಡಿದರೆ ಆ ತೂತುಗಳಿಂದ ಆಚೆ ಕೂತ ಕಳಕವ್ವ ಕಾಣುತ್ತಾಳೆ. ಹೋದ ಮಳೆಗಾಲದಿಂದ ನಾನು ಪೇಪರು ಓದಿದ್ದಕ್ಕಿಂತ ಆಕೆಯ ಮುಖ ಓದಿದ್ದೇ ಹೆಚ್ಚು.

ಈಗ ಕಾಶೀಂಸಾಬನ ವಿಷಯ ಹೇಳಬೇಕು. ಕಾಶೀಂಸಾಬ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೇಲರ್. ಹರೆಯದಿಂದ ನಮ್ಮಿಬ್ಬರದು ಒಂದೇ ಚಹಾ, ಒಂದೇ ತಂಬಾಕಿನ ಚೀಲ. ನಾನು ಆಸ್ಪತ್ರೆಯಿಂದ ಬಂದು ಮನೆಯಲ್ಲಿ ಮಲಗಿದ್ದಾಗ ದಿನಾ ಬಂದು ಕೂರುತ್ತಿದ್ದ. ಆಮೇಲೆ ಬರುವುದು ನಿಂತಿತು. ಕೇಳಿದರೆ ನರಗುಂದದಲ್ಲಿ ಮಗಳ ಮನೆಗೆ ಹೋಗಿದ್ದಾನೆ ಎಂದರು. ಮತ್ತೆ ಅಂಗಡಿಗೆ ಹೋಗಲು ಶುರುಮಾಡಿದಾಗಲೂ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಮಗಳ ಮನೆ ಇಷ್ಟು ಹಿಡಿಸಿತೇ ಇವನಿಗೆ, ಒಂದು ಫೋನಾದರೂ ಮಾಡಬಾರದೇ ಎಂದು ನನಗೆ ಸಿಟ್ಟೂ ಬಂದಿತ್ತು.

ಒಂದು ದಿನ ಅವನ ಹೆಂಡತಿ ರಮಜಾನಬಿ ಯಂತ್ರ ಒಯ್ಯಲು ತಳ್ಳುಗಾಡಿ ತಂದಳು. ನಾನು ಗಾದಿಯ ಮೇಲಿದ್ದೆ. “ವೈನಿ, ನಮ್ಮ ಕಾಶೀಂಸಾಬ ಯಾವಾಗ ಬರ್ತಾನ?” ಎಂದು ಕೇಳಿದೆ. ಆಕೆ ನನ್ನ ಮಗನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

“ಮಗಳ ಮನಿಯಾಗ ಅದಾರ್ರಿ ಅಣ್ಣಾರ. ಆರಾಮ ಅದಾರ್ರಿ.”

ಹೇಳುವಾಗ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಅಷ್ಟರಲ್ಲಿ ನಾನು ನೋಡಿಯಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಗಂಡನನ್ನು ಮಣ್ಣು ಮಾಡಿ, ಗಂಡ ಸತ್ತವರು ಹೊರಗೆ ಬಾರದ ಇದ್ದತ್ತಿನ ದಿನಗಳನ್ನೆಲ್ಲ ಮನೆಯೊಳಗೆ ಕಳೆದು, ಮೊದಲ ಸಲ ಪೇಟೆಗೆ ಬಂದ ಹೆಂಗಸು ನನ್ನ ಎದೆಗೆ ಹೊಡೆತ ಬೀಳಬಾರದೆಂದು ತನ್ನ ಗಂಡ ಬದುಕಿದ್ದಾನೆ ಎಂದು ನಿಂತು ಹೇಳಿದಳು. “ಆತು ವೈನಿ, ಬಂದ್ರ ನಾ ಕೇಳೇನಿ ಅಂತ ಹೇಳ್ರಿ” ಎಂದೆ. ಆಕೆ ಹೂಂ ಎಂದು ತಲೆಯಾಡಿಸಿ ಗಾಡಿ ತಳ್ಳಿಕೊಂಡು ಹೋದಳು. ಗೆಳೆಯನಿಗಾಗಿ ಅವನ ಹೆಂಡತಿಯ ಎದುರು ಅಳಲೂ ನನಗೆ ಆಗಲಿಲ್ಲ, ನನ್ನ ಎದುರು ಅಳಲು ಆಕೆಗೂ ಆಗಲಿಲ್ಲ. ಮಾನ್ಯರೇ, ತಮ್ಮ ಪ್ರಮಾಣದ ಸಾಧನೆಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಅವನು ಹೇಗೆ ಸತ್ತ ಎಂಬುದನ್ನು ಆಮೇಲೆ ಪೇಟೆಯ ಸೋಡಾ ಅಂಗಡಿಯವನಿಂದ ತಿಳಿದುಕೊಂಡೆ. ಸಾಲೆ ಶುರುವಾಗುವ ಮುಂಚೆ ಹುಡುಗರ ಸಮವಸ್ತ್ರದ ಕೆಲಸ ಮೈಮೇಲೆ ಬಿದ್ದಿತ್ತಂತೆ. ಊಟಕ್ಕೆ ಏಳದೆ ಹೊಲಿಯುತ್ತಿದ್ದನಂತೆ. ಎದೆ ಹಿಡಿದಂತಾಗುತ್ತದೆ, ದವಡೆ ನೋಯುತ್ತದೆ, ಬೆನ್ನು ಹಿಂಡುತ್ತದೆ ಎಂದು ಕೆಲವು ದಿನ ಹೇಳಿಕೊಂಡು ತಿರುಗಿದ್ದಾನೆ. ವಾಯು ಎಂದು ಎಲ್ಲರೂ ಹೇಳಿದರು, ಅವನೂ ನಂಬಿದ. ಸೋಡಾ ಕುಡಿದ, ಓಮಿನಕಾಳು ಅಗಿದ, ಮತ್ತೆ ಯಂತ್ರದ ಮುಂದೆ ಕೂತ. ಅಲ್ಲೇ ಹೋದ. ಇದೇ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟದ್ದು. ಒಬ್ಬ ಹೃದಯ ರೋಗಿ ಮೊದಲು ತಿಳಿದುಕೊಳ್ಳಬೇಕಾದ ಸುದ್ದಿ ಯಾವುದಾದರೂ ಇದ್ದರೆ ಅದು ಇದಲ್ಲವೇ? ನನಗೆ ತಿಳಿದ ಮೇಲೆ ಎದೆ ಒಡೆಯಲಿಲ್ಲ. ಬಹಳ ದುಃಖವಾಯಿತು, ಎರಡು ದಿನ ಊಟ ಸೇರಲಿಲ್ಲ, ನಂತರ ಅವನ ಗೋರಿಗೆ ಹೋಗಿ ಕೂತು ಬಂದೆ. ಗುಳಿಗೆ ನುಂಗಿದೆ, ನಡೆದಾಡಿದೆ, ಬದುಕಿದ್ದೇನೆ.

ಅಂದಿನಿಂದ ನಾನು ಪೇಪರಿನ ತೂತಿನಿಂದ ನೋಡುವ ರೀತಿ ಬದಲಾಯಿತು. ಕಳಕವ್ವ ದವಡೆ ಒತ್ತಿಕೊಳ್ಳುತ್ತಾಳೆ. ರೊಟ್ಟಿ ಬಡಿಯುತ್ತ ಬಡಿಯುತ್ತ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾಳೆ. ಆಕೆಯ ಸೆರಗಿನ ತುದಿಯಲ್ಲಿ ಓಮಿನಕಾಳಿನ ಗಂಟಿದೆ. ಕೇಳಿದರೆ ಒಂದೇ ಉತ್ತರ. “ಏನಿಲ್ಲರಿ, ವಾಯು. ನೀವು ಟೆನ್ಶನ್ ತಗೋಬ್ಯಾಡ್ರಿ.” ನಾನು ದನಿ ಏರಿಸಿದರೆ ಆಕೆಯ ಮುಖ ಬಿಳಿಚಿಕೊಳ್ಳುತ್ತದೆ, ನನಗೇನೋ ಆಯಿತೆಂದು ಮಗನನ್ನು ಕೂಗುತ್ತಾಳೆ, ಅವನು ಬಿಪಿ ನೋಡುವ ಪಟ್ಟಿ ತಂದು ನನ್ನ ತೋಳಿಗೆ ಸುತ್ತುತ್ತಾನೆ. ನಮ್ಮ ಮನೆಯಲ್ಲಿ ನನ್ನ ಪ್ರಶ್ನೆ ಎಂದರೆ ನನ್ನ ರೋಗದ ಲಕ್ಷಣ.

ಶ್ರಾವಣ ಸೋಮವಾರ ಇಬ್ಬರೂ ಕಳಕಪ್ಪನ ಗುಡ್ಡಕ್ಕೆ ಹೋದೆವು. ಮೆಟ್ಟಿಲು ಹತ್ತಲು ನನಗೆ ಮನೆಯವರ ಅಪ್ಪಣೆ ಇಲ್ಲ. ಕೆಳಗೆ ಕಾಯಿ ಮಾರುವವರ ಪಕ್ಕ ಕಲ್ಲಿನ ಮೇಲೆ ಕೂತೆ. ಆಕೆ ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಬಿಟ್ಟು ಬರಿಗಾಲಲ್ಲಿ ಹತ್ತಿದಳು. ಮದುವೆಯಾದ ಹೊಸದರಿಂದ ಆಕೆ ಆ ಮೆಟ್ಟಿಲುಗಳನ್ನು ಮಾತಾಡುತ್ತ ಹತ್ತುವವಳು. ಅವತ್ತು ನಡುವೆ ನಿಂತಳು. ಗೋಡೆಗೆ ಕೈ ಕೊಟ್ಟಳು. ಕುಸಿದ ಹಾಗೆ ಕೂತಳು. ಕಾಯಿ, ಹೂವು ಎಲ್ಲವನ್ನೂ ಇನ್ನೊಬ್ಬ ಹೆಂಗಸಿನ ಕೈಯಲ್ಲಿ ಮೇಲೆ ಕಳುಹಿಸಿದಳು. ನಾನು ಎದ್ದು ನಿಂತದ್ದನ್ನು ನೋಡಿ ಅಲ್ಲಿಂದಲೇ ಕೈಯಾಡಿಸಿ ಕೂರಲು ಹೇಳಿದಳು. ಇಳಿದು ಬಂದಾಗ ಹಣೆಯ ವಿಭೂತಿ ಬೆವರಿನಲ್ಲಿ ಹರಿದು ಹೋಗಿತ್ತು.

“ಯಾಕ ಕುಂತಿದ್ದಿ ಅಲ್ಲಿ?”

“ಚಪ್ಪಲಿ ಕಚ್ಚಿತ್ರಿ. ಅದಕ್ಕ ಕುಂತೆ.”

ಚಪ್ಪಲಿಗಳು ನನ್ನ ಕಾಲ ಹತ್ತಿರವೇ ಇದ್ದವು. ಊರವರ ಸುದ್ದಿ ಮುಚ್ಚುವುದರಲ್ಲಿ ಇಷ್ಟು ಪಳಗಿದವಳು ತನ್ನ ಸುದ್ದಿ ಮುಚ್ಚುವಾಗ ಎಡವಿದಳು. ನಾನು ಚಪ್ಪಲಿಯನ್ನು ಆಕೆಯ ಮುಂದೆ ಸರಿಸಿದೆ. ನೆನಪಿಡಿ ಮಾನ್ಯರೇ, ಕಾಶೀಂಸಾಬ ಹೇಗೆ ಹೋದ ಎಂಬುದು ಆಕೆಗೆ ನನಗಿಂತ ಮೊದಲೇ ಗೊತ್ತು. ದವಡೆಯ ನೋವಿನ ಅರ್ಥ ಗೊತ್ತಿದ್ದೂ ಆಕೆ ಅದನ್ನು ಒಬ್ಬಳೇ ಇಟ್ಟುಕೊಂಡು ತಿರುಗುತ್ತಿದ್ದಾಳೆ. ನನಗೆ ಹೇಳಿದರೆ ಆಣೆ ಮುರಿಯುತ್ತದೆ, ಆಣೆ ಮುರಿದರೆ ನನಗೆ ಏನಾದರೂ ಆಗುತ್ತದೆ ಎಂದು ಆಕೆಗೆ ಭಯ. ಇದಕ್ಕಿಂತ ದೊಡ್ಡ ಒತ್ತಡ ತಮ್ಮ ಪರದೆಯ ಮೇಲೆ ಯಾವುದಾದರೂ ಇತ್ತೇ?

ನಾನೂ ಒಂದು ಉಪಾಯ ಮಾಡಿದೆ. ನಿನ್ನೆ ತಮ್ಮ ತಪಾಸಣಾ ಶಿಬಿರಕ್ಕೆ ಆಕೆಯನ್ನು ಜೊತೆಗೆ ಕರೆದುಕೊಂಡು ಬಂದೆ. ನನ್ನ ಇಸಿಜಿ ಆದ ಮೇಲೆ “ಈಕಿದೂ ಒಂದ್ ತಗೀರಿ” ಎಂದೆ. ಅಲ್ಲಿದ್ದ ತಮ್ಮ ಸಿಬ್ಬಂದಿ ನಕ್ಕು “ಇವರು ಪೇಷಂಟ್ ಅಲ್ರಿ ಕಾಕಾ, ಪೇಷಂಟ್ ಜೋಡಿ ಬಂದವರು. ಬಂದವರದೆಲ್ಲಾ ತಗ್ಯಾಕ ಬರೂದಿಲ್ಲ” ಎಂದರು. ನಾನು ದವಡೆ, ಉಸಿರು, ಮೆಟ್ಟಿಲು ಎಲ್ಲ ಹೇಳಹೊರಟೆ. ಕಳಕವ್ವ ನನ್ನ ತೋಳು ಹಿಡಿದು ಅವರ ಕಡೆ ತಿರುಗಿ “ಬಿಡ್ರಿ ತಂಗಿ, ಅವರಿಗೆ ಹಿಂಗ ಸಂಶೆ ಜಾಸ್ತಿ” ಎಂದು ತಾನೂ ನಕ್ಕಳು. ನನ್ನ ಚೀಟಿಯಲ್ಲಿ ‘ಧ್ಯಾನ ಮಾಡಬೇಕು’ ಎಂದು ಬರೆದುಕೊಟ್ಟರು. ಬಿಪಿ ಚೆನ್ನಾಗಿದೆ, ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆ, ಮುಂದಿನ ವಾರ ಸಾಹೇಬರು ಶಾಲು ಹೊದಿಸುತ್ತಾರೆ ಎಂದೂ ಅಲ್ಲೇ ಹೇಳಿದರು. ಹೊರಗೆ ಬಂದು ಬೇವಿನ ಮರದ ಕೆಳಗೆ ಆಕೆ ಸೆರಗಿನ ಗಂಟು ಬಿಚ್ಚಿ ಓಮಿನಕಾಳು ಬಾಯಿಗೆ ಹಾಕಿಕೊಂಡಳು. ಆಗ ನನಗೆ ಭಯವಾಯಿತು. ನನಗೇ ಎದೆ ಹಿಡಿದಾಗಲೂ ಅಷ್ಟು ಭಯವಾಗಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಶಾಲಿನ ಸಮಾರಂಭಕ್ಕೆ ಕಲ್ಯಾಣ ಮಂಟಪ ಹೇಗೂ ಹಿಡಿದಿದ್ದೀರಿ. ಅದೇ ಹೆಂಗಸರನ್ನು ಅದೇ ಟೆಂಪೋದಲ್ಲಿ ಕರೆಸಿ. ಈ ಸಲ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಗುಲಾಬಿ ಹಿಡಿದು ನಾವು ಹಿಂದೆ ಕೂರುತ್ತೇವೆ. ಅದೇ ಮೈಕು ಹಿಡಿದು, ಮಾಡಿಸಿದ ಆಣೆಯನ್ನು ವಾಪಸು ತೆಗೆದುಕೊಂಡೆ, ಇನ್ನು ಮೇಲೆ ಹೇಳಬೇಕಾದ್ದನ್ನು ಹೇಳಿರಿ, ಹೇಳಿದರೆ ನಿಮ್ಮ ಯಜಮಾನರು ಸಾಯುವುದಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿ. ಫೋಟೋ ಬರದಿದ್ದರೆ ಎರಡು ಸಲ ಹೇಳಿ. ಮಾನವ್ವನ ಪ್ರಶ್ನೆಗೆ ಉತ್ತರ ಕೊಡಿ. ಆಮೇಲೆ ಇಸಿಜಿ ಯಂತ್ರ ತಂದು, ರೋಗಿ ಯಾರು, ಜೊತೆಗೆ ಬಂದವರು ಯಾರು ಎಂದು ವಿಂಗಡಿಸದೆ, ಆ ಹೆಂಗಸರೆಲ್ಲರ ಎದೆಯನ್ನೂ ಬಿಪಿಯನ್ನೂ ಸಕ್ಕರೆಯನ್ನೂ ನೋಡಿ. ಹೊರಿಸಿದವರು ಹೊತ್ತವರನ್ನು ಒಮ್ಮೆಯಾದರೂ ಪರೀಕ್ಷಿಸಬೇಕಲ್ಲವೇ?

ಇನ್ನು ಪತ್ರಿಕೆಗೇ ಯಾಕೆ ಬರೆದೆ ಎಂಬ ಮಾತು. ಇದನ್ನು ತಾವು ಓದುತ್ತೀರೋ ಇಲ್ಲವೋ, ನನಗೆ ಸಂಶಯವಿದೆ. ನಮ್ಮ ಮನೆಯಲ್ಲಿ ಒಬ್ಬಳು ಓದಿಯೇ ಓದುತ್ತಾಳೆ. ನನಗಿಂತ ಮೊದಲು, ಒಂದು ಸಾಲೂ ಬಿಡದೆ, ಅಂಗಡಿಯ ಕತ್ತರಿ ಹಿಡಿದುಕೊಂಡು ಓದುತ್ತಾಳೆ. ನಾಳೆಯೇ ಹಾಕುತ್ತೇವೆ ಎಂದು ಸಂಪಾದಕರು ಮಾತು ಕೊಟ್ಟಿದ್ದಾರೆ. ಆದ್ದರಿಂದ ತಮ್ಮ ಅಪ್ಪಣೆ ಪಡೆದು ಈ ಕೆಳಗಿನದನ್ನು ಆಕೆಗೆ ಹೇಳುತ್ತೇನೆ.

ಕಳಕವ್ವಾ, ಕತ್ತರಿ ಕೆಳಗಿಡು. ನೀ ನನಗ ಏನೂ ಹೇಳೂದು ಬ್ಯಾಡ, ನಿನ್ನ ಆಣಿ ನಿನ್ನ ಕಡೇನ ಇರಲಿ. ನೀ ಮೆಟ್ಟಿಲ ಮ್ಯಾಲ ಕುಂತಾಗ ನಿನ್ನ ಚಪ್ಪಲಿ ಕಾಯ್ಕೊಂಡು ನಾ ಕೆಳಗ ಕುಂತಿದ್ದೆ. ನನಗ ಎಲ್ಲಾ ಗೊತ್ತೈತಿ. ಕಾಶೀಂಸಾಬನ ಸುದ್ದಿನೂ ಗೊತ್ತೈತಿ, ಗೊತ್ತಾಗಿ ನನಗೇನೂ ಆಗಿಲ್ಲ. ನಿನಗ ಏನರ ಆದ್ರ ಮಾತ್ರ ತಡಕೊಳ್ಳಾಕ ನನ್ನ ಕಡಿಂದ ಆಗೂದಿಲ್ಲ. ದೊಡ್ಡ ದವಾಖಾನಿಗೆ ಹೋಗಾಕ ಗಾಡಿ ಹೇಳೇನಿ, ಬಾಗಿಲದಾಗ ನಿಂತೈತಿ. ಇವತ್ತ ಪೇಷಂಟ್ ನೀನು, ಜೋಡಿ ಬಂದಾಂವ ನಾನು. ಚಪ್ಪಲಿ ಹೊಸ್ತಿಲ ಬಾಜೂಕ ಇಟ್ಟೇನಿ. ಮೆಟ್ಕೊಂಡು ಬಾ.

ಇಂತಿ,
ತಮ್ಮ ದಾಖಲೆಯಲ್ಲಿ ಒತ್ತಡಮುಕ್ತನಾಗಿದ್ದು, ಸದ್ಯ ಗಾಡಿಯ ಬಾಗಿಲು ತೆರೆದು ಕಾಯುತ್ತಿರುವ,
ಗುರುಸಂಗಪ್ಪ
ಬಟ್ಟೆ ವ್ಯಾಪಾರಿ, ಗಜೇಂದ್ರಗಡ